ಇಲ್ಲ ಎನ್ನುತ್ತಿದ್ದವನ ರುಮಾಲು

ಪತ್ತಿನ ಸಂಘದ ಕಚೇರಿಗೆ ಸೀಲು ಹಾಕಲು ಬಂದಿದ್ದ ವಿಚಾರಣಾಧಿಕಾರಿ ವಿರೂಪಾಕ್ಷ, ಒಳಗಿನ ಸಾಮಾನುಗಳನ್ನು ಒಂದೊಂದಾಗಿ ಬರೆಸುತ್ತ ಬಂದವರು, ಸಭೆಯ ಕೋಣೆಯ ಹೊಸ್ತಿಲಲ್ಲಿ ನಿಂತುಬಿಟ್ಟರು. ಕಿಟಕಿ ತೆರೆದು ಬಹಳ ದಿನಗಳಾಗಿದ್ದ ಕೋಣೆ. ಉದ್ದನೆಯ ಮೇಜಿನ ಸುತ್ತ ಖಾಲಿ ಕುರ್ಚಿಗಳು. ತುದಿಯಲ್ಲಿ, ಎತ್ತರದ ಬೆನ್ನಿನ ಕುರ್ಚಿಯೊಂದರ ಮೇಲೆ ಬೋರಲು ಹಾಕಿದ ಹಿತ್ತಾಳೆಯ ಕೊಡ. ಕೊಡಕ್ಕೆ ರುಮಾಲು ಸುತ್ತಿತ್ತು. ಕೆಂಪು ಅಂಚಿನ ಬಿಳಿಯ ರುಮಾಲು, ಯಾರೋ ಈಗಷ್ಟೇ ಅದರೊಳಗಿಂದ ತಲೆಯನ್ನು ತೆಗೆದುಕೊಂಡು ಎದ್ದುಹೋದಂತೆ ಮಡಿಕೆಗಳನ್ನು ಹಾಗೆಯೇ ಹಿಡಿದುಕೊಂಡಿತ್ತು. ಅರೆಗತ್ತಲಲ್ಲಿ ಅದು ಬಾಗಿಲ ಕಡೆಗೇ ನೋಡುತ್ತಿತ್ತು.

"ಇದು ಯಾರ ಕುರ್ಚಿ ರೀ?"

"ನಮ್ಮ ಅಪ್ಪಾರದು," ಎಂದಳು ಅನ್ನಪೂರ್ಣಾ. ಸಂಘದ ನಿರ್ದೇಶಕರಲ್ಲಿ ಅಂದು ಬೀಗದ ಕೈ ಹಿಡಿದು ಬಂದವಳು ಅವಳೊಬ್ಬಳೇ. ಉಳಿದವರಿಗೆ ಏಕಾಏಕಿ ಊರೂರಲ್ಲಿ ಮದುವೆಗಳು ಬಂದಿದ್ದವು.

"ಅವರು ಎಲ್ಲಿ ಅದಾರ?"

"ತೀರಿಕೊಂಡ್ರು ರೀ. ಒಂಬತ್ತು ವರ್ಷಾತು."

ಸಾಮಾನು ಬರೆಯುತ್ತಿದ್ದ ಗುಮಾಸ್ತ ತಲೆಯೆತ್ತಿ, "ಸರ್, ಇದನ್ನ ಏನಂತ ಬರ್ಕೋಲಿ? ಫರ್ನಿಚರಿನ್ಯಾಗ ಬರತೈತೋ, ನಿರ್ದೇಶಕರ ಹಾಜರಿಯೊಳಗೋ?" ಎಂದ.

ವಿರೂಪಾಕ್ಷ ನಗಲಿಲ್ಲ. "ಬರೀಬ್ಯಾಡ. ಇದು ಸಂಘದ ಆಸ್ತಿ ಅಲ್ಲ," ಎಂದು ಅನ್ನಪೂರ್ಣಾಳ ಕಡೆ ತಿರುಗಿದರು. "ಮನಿಗೆ ಒಯ್ರಿ ಅವ್ವಾರ. ಆದ್ರ ಬೈಲಹೊಂಗಲಕ್ಕ ಹೇಳಿಕಿ ಕೊಡಾಕ ಬರೂಮುಂದ, ಇದು ಇಲ್ಲಿ ಏನ್ ಕೆಲಸಾ ಮಾಡತಿತ್ತು ಅಂತ ನನಗ ತಿಳಿಸಿ ಹೇಳಬೇಕು."

ಅವಳು ಕೊಡವನ್ನು ರುಮಾಲಿನ ಸಮೇತ ಎತ್ತಿ ಎದೆಗೆ ಆನಿಸಿಕೊಂಡು ಯರಗಟ್ಟಿಯ ಪೇಟೆಯ ನಡುವೆ ನಡೆದಳು. ಅರಿವೆ ಅಂಗಡಿಯವನು ಕತ್ತರಿಯನ್ನು ಕೆಳಗಿಟ್ಟು ನೋಡಿದ. ಅವನ ಗಲ್ಲಾಪೆಟ್ಟಿಗೆಯ ಹಿಂದೆ ಅವಳಪ್ಪನ ಫೋಟೋ ಮೊದಲಿನ ಮೊಳೆಗೇ ತೂಗುತ್ತಿತ್ತು, ಆದರೆ ಮುಖ ಗೋಡೆಯ ಕಡೆಗೆ.

*

ಅನ್ನಪೂರ್ಣಾಳ ಅಪ್ಪ ಪರಸಪ್ಪ ಬದುಕಿದ್ದಾಗ ಯರಗಟ್ಟಿಯ ಪೇಟೆಯಲ್ಲಿ 'ಇಲ್ಲ' ಎಂಬ ಮಾತಿಗೆ ಒಂದು ಮುಖವಿತ್ತು. ಹತ್ತಿಬೀಜದ ವ್ಯಾಪಾರ ಬಿಟ್ಟು, ಬೆಳವಲ ಬಂಧು ಪತ್ತಿನ ಸಂಘವನ್ನು ಕಟ್ಟಿದ ಮನುಷ್ಯ. ಸಾಲ ಕೇಳಿದವರ ಮನೆಗೆ ಹೇಳದೆ ಕೇಳದೆ ಹೋಗಿ, ಒಂದು ಲೋಟ ನೀರು ಬೇಡಿ, ಕುಡಿಯುತ್ತ ಕುಡಿಯುತ್ತ ದನದ ಕೊಟ್ಟಿಗೆಯನ್ನೂ, ಅಡಿಗೆಮನೆಯ ಬಾಗಿಲಲ್ಲಿ ನಿಂತ ಹೆಂಗಸಿನ ಮುಖವನ್ನೂ ನೋಡಿ ಬರುತ್ತಿದ್ದ. ಮರುದಿನ ಸಭೆಯಲ್ಲಿ, "ಈ ಸಾಲದ ಸುದ್ದಿ ಅವನ ಹೇಣ್ತಿಗೆ ಗೊತ್ತಿಲ್ಲ. ಇಲ್ಲ," ಎನ್ನುತ್ತಿದ್ದ. ಒಣಗಿದ ಶೇಂಗಾಕಾಯಿ ಒಡೆದ ಹಾಗಿರುತ್ತಿತ್ತು ಆ ಸಪ್ಪಳ. ಅದರ ಮೇಲೆ ಮಾತು ಬೆಳೆಯುತ್ತಿರಲಿಲ್ಲ. ಕೇಳಿದವರಲ್ಲಿ ಬಹಳ ಮಂದಿ ಬರಿಗೈಯಲ್ಲಿ ಹಿಂದಿರುಗುತ್ತಿದ್ದರು, ಬೈಯುತ್ತಿದ್ದರು, ಮತ್ತು ತಮ್ಮ ಉಳಿತಾಯವನ್ನು ಅವನ ಸಂಘದಲ್ಲಿಯೇ ಇಡುತ್ತಿದ್ದರು.

ಕೊನೆಯ ಎರಡು ವರ್ಷ ಪಾರ್ಶ್ವವಾಯು ಅವನನ್ನು ಹಾಸಿಗೆಗೆ ಹಾಕಿತು. ಆಗಲೂ ಮುಂಜಾನೆ ರುಮಾಲು ಸುತ್ತಿಸಿಕೊಳ್ಳದೆ ಚಹಾ ಮುಟ್ಟುತ್ತಿರಲಿಲ್ಲ. ಗಂಡ ಸತ್ತಮೇಲೆ ತವರಿಗೆ ಬಂದು ಮನೆಯ ಮುಂಭಾಗದಲ್ಲಿ ಹಿಟ್ಟಿನ ಗಿರಣಿ ಹಾಕಿಕೊಂಡಿದ್ದ ಅನ್ನಪೂರ್ಣಾ, ಕೈಗೆ ಹತ್ತಿದ ಹಿಟ್ಟನ್ನು ಒರೆಸಿಕೊಂಡು ಬಂದು ಅದನ್ನು ಸುತ್ತುತ್ತಿದ್ದಳು.

ಅವನು ಹೋದ ಮೇಲಿನ ಮೊದಲ ಸಭೆಯಲ್ಲಿ ಆ ಎತ್ತರದ ಕುರ್ಚಿಯಲ್ಲಿ ಕೂಡಲು ಯಾರಿಗೂ ಎದೆಯಾಗಲಿಲ್ಲ. ಹೊಸ ಅಧ್ಯಕ್ಷ ಬಾಳೇಶನೂ ಪಕ್ಕದ ಕುರ್ಚಿ ಎಳೆದುಕೊಂಡ. ಅವನು ಪರಸಪ್ಪನ ತಮ್ಮನ ಮಗ. ಪರಸಪ್ಪನ ಹೆಸರು ಉಳಿಯಲೆಂದು ಅನ್ನಪೂರ್ಣಾಳನ್ನು ಮಹಿಳಾ ನಿರ್ದೇಶಕಿಯನ್ನಾಗಿ ಮಾಡಿದ್ದರು. ಅವಳು ಮನೆಯಿಂದ ಕೊಡ ತಂದು ಕುರ್ಚಿಯ ಮೇಲೆ ಬೋರಲು ಹಾಕಿ ರುಮಾಲು ಸುತ್ತಿದಳು. ಎಲ್ಲರೂ ಕೈ ಮುಗಿದರು. ಆಮೇಲೆ ಸಾಲದ ಅರ್ಜಿಯೊಂದು ಮೇಜಿನ ಮೇಲೆ ಬಂತು. ಇಷ್ಟು ವರ್ಷ ಎಲ್ಲರ ಪರವಾಗಿ ಇಲ್ಲ ಎಂದವನು ಒಬ್ಬನೇ. ಉಳಿದವರಿಗೆ ಅದರ ಅಭ್ಯಾಸವಿರಲಿಲ್ಲ. ಅರ್ಜಿದಾರ ಒಬ್ಬನಿಗೆ ಬೀಗ, ಇನ್ನೊಬ್ಬನಿಗೆ ಗೆಳೆಯ.

"ದೊಡ್ಡಪ್ಪಾರನ್ನs ಕೇಳೂಣು," ಎಂದ ಬಾಳೇಶ.

ಬಿತ್ತನೆಗೆ ಮುಂಚೆ, ಹೆಣ್ಣು ಗೊತ್ತುಮಾಡುವ ಮುಂಚೆ ದೇವರ ಮುಂದೆ ಹೂ ಕೇಳುವ ಪದ್ಧತಿ ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ರುಮಾಲಿನ ಬಲಮಡಿಕೆಗೊಂದು, ಎಡಮಡಿಕೆಗೊಂದು ಸೇವಂತಿಗೆ ಸಿಕ್ಕಿಸಿ, ಊದಿನಕಡ್ಡಿ ಹಚ್ಚಿ, ಪ್ರಶ್ನೆ ಕೇಳಿ ಕಾದು ಕೂತರು. ಬಲದ ಹೂ ಮೊದಲು ಬಿದ್ದರೆ ಒಪ್ಪಿಗೆ. ಎಡದ್ದು ಬಿದ್ದರೆ ಇಲ್ಲ. ತುಸು ಹೊತ್ತಿಗೆ ಬಲದ ಹೂ ಮಡಿಕೆಯಿಂದ ಜಾರಿ ಕುರ್ಚಿಯ ಕೈಮೇಲೆ ಬಿದ್ದಿತು.

ಅಂದು ಅನ್ನಪೂರ್ಣಾ ಅತ್ತಳು. ಅಪ್ಪ ಮಾತಾಡಿದ್ದ. ಅದರ ಮುಂದೆ ಸಾಲ ಯಾರದು, ಎಷ್ಟು ಎಂಬುದು ಅವಳಿಗೆ ಬೇಕಾಗಿರಲಿಲ್ಲ. ಪ್ರತಿ ಸಭೆಯ ಹಿಂದಿನ ದಿನ ಅವಳು ರುಮಾಲನ್ನು ಮನೆಗೆ ತಂದು ಒಗೆದು, ಗಂಜಿ ಹಾಕಿ, ಮತ್ತೆ ಒಯ್ದು ಕೊಡಕ್ಕೆ ಸುತ್ತುತ್ತಿದ್ದಳು. ತಿಂಗಳಿಗೊಮ್ಮೆ ಹೂ ಬೀಳುತ್ತಿತ್ತು. ತಿಂಗಳಿಗೊಮ್ಮೆ ಅವಳಿಗೆ ಅಪ್ಪ ಇದ್ದ.

*

ಈಗ ಸಂಘದಲ್ಲಿ ಠೇವಣಿ ಇಟ್ಟವರ ಹಣವಿರಲಿಲ್ಲ. ಅದು ಬಾಳೇಶನ ಷಡ್ಡಕನ ಹೆಸರಿನ ಗೋದಾಮಾಗಿ, ಸವದತ್ತಿಯ ದಾರಿಯ ಲೇಔಟಾಗಿ, ಕಿತ್ತೂರಿನ ಕಡೆಯ ಕಲ್ಲಿನ ಕ್ವಾರಿಯಾಗಿ ಹೋಗಿತ್ತು. ಅವುಗಳಲ್ಲಿ ಕೆಲವು ಕಾಗದದಿಂದ ಕೆಳಗಿಳಿದು ನೆಲಕ್ಕೆ ಬಂದೇ ಇರಲಿಲ್ಲ. ಕಾಯಿದೆಯ ಪ್ರಕಾರ, ಅಡಮಾನ ನೋಡದೆ ಸಾಲ ಮಂಜೂರು ಮಾಡಿದ ನಿರ್ದೇಶಕರ ಸ್ವಂತ ಆಸ್ತಿಯಿಂದ ನಷ್ಟ ವಸೂಲಾಗಬೇಕು. ಅನ್ನಪೂರ್ಣಾಳ ಆಸ್ತಿ ಎಂದರೆ ಮನೆ, ಮತ್ತು ಮನೆಯ ಮೂತಿಗೆ ಅಂಟಿಕೊಂಡ ಗಿರಣಿ.

ಗಿರಣಿಗೆ ಜನ ಬರುವುದು ಕಡಿಮೆಯಾಗಿತ್ತು. ಮಾಯವ್ವ ಮಾತ್ರ ತಪ್ಪಿಸಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಖಡಕ್ ರೊಟ್ಟಿ ಮಾರಿ ಬದುಕುವ ಮುದುಕಿ, ಸಂಘದಲ್ಲಿ ತನ್ನ ಮುಪ್ಪಿನ ಕಾಲಕ್ಕೆಂದು ಕೂಡಿಟ್ಟದ್ದನ್ನೆಲ್ಲ ಕಳೆದುಕೊಂಡವಳು.

"ಏನವಾ ಅನ್ನಪೂರ್ಣಿ, ಗಿರಣಿ ಚಾಲೂ ಐತೋ, ಇದಕೂ ಸೀಲಿನ ಮೇಣಾ ಬಡದಾರೋ?" ಎನ್ನುತ್ತ ಜೋಳದ ಗಂಟನ್ನು ಇಳಿಸಿದಳು. ಒಳಗಿನ ಜಗುಲಿಯ ಮೇಲೆ ಕೂತ ರುಮಾಲು ಕಣ್ಣಿಗೆ ಬಿತ್ತು. "ಅಡಡಾ! ಸಾವ್ಕಾರ್ರು ಮನಿಗೆ ಬಂದಾರ. ಕೇಳಿದೇನು, ನನ್ನ ರೊಕ್ಕಾ ಎಲ್ಲಿ ಇಟ್ಟಾರಂತ?"

"ಹಂಗನಬ್ಯಾಡ ಮಾಯವ್ವಕ್ಕಾ."

"ಮತ್ತ ಹೆಂಗನ್ನಲಿ? ಪ್ಯಾಟ್ಯಾಗ ಎಲ್ಲಾರೂ ಅದನ್ನs ಅಂತಾರ. ಸತ್ತಾಂವ ಹೂ ಕೊಟ್ಟಾನ, ಇದ್ದಾವ್ರು ರೊಕ್ಕಾ ತಗೊಂಡಾರ." ಮುದುಕಿ ಜೋಳವನ್ನು ಗಿರಣಿಯ ಬಾಯಿಗೆ ಸುರಿದಳು. ಪಟ್ಟಾ ಓಡತೊಡಗಿತು. ಆ ಸದ್ದಿನ ಮೇಲೆ ದನಿಯೆತ್ತಿ ಹೇಳಿದಳು: "ಆದ್ರ ಒಂದ್ ಮಾತು ನನಗ ತಿಳಿವಲ್ದು. ನನ್ನ ಮಗಾ ಜೀಪ್ ತರತೇನಂತ ಸಾಲಾ ಕೇಳಾಕ ಹೋದಾಗ, ನಿಮ್ಮಪ್ಪ ನಮ್ಮ ಮನಿಗೆ ಬಂದು ನೀರು ಕುಡುದು, ಇಲ್ಲ ಅಂದು ಹ್ವಾದ. ನಾ ಅವನ ಮಾರಿ ಮ್ಯಾಲೆ ಬೈದಿದ್ದೆ. ಆ ಜೀಪ್ ಬಂದಿದ್ರ ನನ್ನ ತಲೀ ಮ್ಯಾಲೆ ಸೂರು ಇರತಿದ್ದಿಲ್ಲ. ಅಂಥಾ ಜಿಗುಟು ಮನಿಶ್ಯಾ, ಸತ್ತ ಮ್ಯಾಲೆ ಇಷ್ಟ್ಯಾಕ ಧಾರಾಳ ಆದ?"

ಹಿಟ್ಟು ಬಿಸಿಯಾಗಿ ಇಳಿಯುತ್ತಿತ್ತು. ತೆರೆದ ಬಾಗಿಲ ಬಿಸಿಲುಕೋಲಿನಲ್ಲಿ ಹಿಟ್ಟಿನ ಧೂಳು ಎದ್ದು, ಒಳಗೆ ಹೋಗಿ, ರುಮಾಲಿನ ಮೇಲೆ ನಿಧಾನವಾಗಿ ಕೂತುಕೊಳ್ಳುತ್ತಿತ್ತು.

*

ಮರುದಿನ ಬಾಳೇಶ ಬಂದ. ಕಾರನ್ನು ಓಣಿಯ ಬಾಯಲ್ಲೇ ಬಿಟ್ಟು, ನಡೆದುಕೊಂಡು, ತಲೆ ಬಗ್ಗಿಸಿ ಬಂದ. ಒಳಗೆ ಬಂದವನು ರುಮಾಲನ್ನು ಕಂಡು ಅಭ್ಯಾಸಬಲದಿಂದ ಕೈ ಮುಗಿದ.

"ಅಕ್ಕಾ, ಹೇಳಿಕಿ ಕೊಡೂ ಮಾತು. ನಾವೆಲ್ಲಾರೂ ಒಂದs ಮಾತು ಹೇಳೂದು ಅಂತ ಆಗೇತಿ. ಸಂಸ್ಥಾಪಕರು ಹಾಕಿಕೊಟ್ಟ ಪದ್ಧತಿ, ಅವರ ಒಪ್ಪಿಗೀ ಕೇಳಿ, ನಂಬಿಕಿಯಿಂದ ಮಾಡೇವಿ. ವಕೀಲ್ರು ಹೇಳ್ಯಾರ, ನಂಬಿಕಿ ಮ್ಯಾಲೆ ಹೊಣಿ ಹೊರಸಾಕ ಬರೂದಿಲ್ಲ. ನೀ ಅಷ್ಟು ಅಂದಿ ಅಂದ್ರ ನಿನ್ನ ಮನಿ ಉಳೀತು."

"ಅಪ್ಪ ಯಾವಾಗ ಹಾಕಿಕೊಟ್ಟಾನೋ ಆ ಪದ್ಧತೀನ?"

"ಕಡೀ ವರ್ಷ, ಹಾಸಿಗ್ಯಾಗ ಇದ್ದಾಗ ಹೇಳಿದ್ರು ಅನ್ನೂಣು. ಅವರು ಬಂದು ಅಲ್ಲಾ ಅಂತಾರೇನು?"

"ಅವನ ಹೆಸರು ಏನಾಕ್ಕೈತಿ?"

"ಸತ್ತವ್ರ ಹೆಸರಿಗೆ ಜಪ್ತಿ ಬರೂದಿಲ್ಲ ಅಕ್ಕಾ. ಇದ್ದಾವ್ರ ಮನಿಗೆ ಬರತೈತಿ."

ಅವಳು ಅವನನ್ನೇ ನೋಡಿದಳು. "ಬಾಳೂ, ನೀ ನಂಬಿದ್ದೇನು ಆ ಹೂವನ್ನ?"

ಅವನು ತುಸು ಹೊತ್ತು ಕಾಲಿನ ಕೆಳಗಿನ ಹಿಟ್ಟನ್ನು ಚಪ್ಪಲಿಯಿಂದ ಸರಿಸುತ್ತ ನಿಂತ. "ಅದು ಯಾವಾಗ್ಲೂ ಬಲಕ್ಕs ಬೀಳತೈತಿ ಅಂತ ನನಗ ಎರಡನೇ ವರ್ಷಕ್ಕs ತಿಳೀತು. ಯಾಕಂತ ಕೇಳಲಿಲ್ಲ. ನಾ ಹೂವಿಗೆ ಕೈ ಹಚ್ಚಿಲ್ಲ, ದೇವರಾಣಿ ಸುಳ್ಳಲ್ಲ. ಬೀಳತಿತ್ತು, ಬಿಟ್ಟೆ." ಬಾಗಿಲ ತನಕ ಹೋಗಿ ತಿರುಗಿ ನಿಂತ. "ನೀನೂ ಕಂಡಿದ್ದಿ. ಇಲ್ಲ ಅಂತ ನನ್ನ ಮುಂದ ಹೇಳಬ್ಯಾಡ ಅಕ್ಕಾ."

ಅವನು ಹೋದ ಮೇಲೆ ಆ ಮಾತು ಉಳಿಯಿತು. ಹೌದು, ಕಂಡಿದ್ದಳು. ಹೂವನ್ನಷ್ಟೇ ಅಲ್ಲ. ಒಮ್ಮೆ ರಾಮದುರ್ಗಕ್ಕೆ ಹೊರಟಾಗ, ಸಾಲಹಳ್ಳಿಯ ಹತ್ತಿರ, ಗೋದಾಮು ಎದ್ದಿದೆ ಎಂದು ಕಾಗದ ಹೇಳುತ್ತಿದ್ದ ಜಾಗವನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದಳು. ಅಲ್ಲಿ ಜಾಲಿಕಂಟಿಯಿತ್ತು. ಕಂಟಿಯ ನೆರಳಿನಲ್ಲಿ ಕುರಿಗಳಿದ್ದವು. ಮುಂದಿನ ಸಭೆಯಲ್ಲಿ ಅದೇ ಗೋದಾಮಿಗೆ ಎರಡನೆಯ ಕಂತಿನ ಮಾತು ಬಂದಾಗ ಅವಳ ಬಾಯಿ ತೆರೆದುಕೊಂಡಿತ್ತು ಕೂಡ. ಅಷ್ಟರಲ್ಲಿ ಬಲದ ಹೂ ಬಿದ್ದಿತು. ಅಪ್ಪನಿಗೆ ತನಗಿಂತ ಹೆಚ್ಚು ಗೊತ್ತು ಎಂದುಕೊಂಡಳು. ಕಣ್ಣು ಕಂಡದ್ದನ್ನು ಬಿಟ್ಟು, ಹೂವನ್ನು ನಂಬಿ, ಸಹಿ ಮಾಡಿದಳು. ಅಪ್ಪನೊಡನೆ ವಾದಿಸುವುದೆಂದರೆ ಅವನು ಅಲ್ಲಿಲ್ಲ ಎಂದು ಒಪ್ಪಿಕೊಂಡ ಹಾಗೆ ಆಗುತ್ತಿತ್ತು.

*

ಹೇಳಿಕೆಯ ಹಿಂದಿನ ದಿನ ಮಧ್ಯಾಹ್ನ ಅವಳು ರುಮಾಲನ್ನು ಬಿಚ್ಚಿ ಒಗೆದಳು. ಗಂಜಿ ಹಾಕಿ, ಬಿಸಿಲಿಗೆ ಒಣಗಿಸಿ, ಕೊಡವನ್ನು ಮೊಣಕಾಲ ನಡುವೆ ಹಿಡಿದು ಸುತ್ತಿದಳು. ಕೈಗಳಿಗೆ ಆ ಕೆಲಸ ಎಷ್ಟು ಬಾಯಿಪಾಠವಾಗಿತ್ತೆಂದರೆ ಅವಳು ಅವುಗಳನ್ನು ನೋಡಲೂ ಇಲ್ಲ. ಹಿತ್ತಲಿನ ಸೇವಂತಿಗೆಯಿಂದ ಎರಡು ಹೂ ತಂದು ಆಚೆಗೊಂದು ಈಚೆಗೊಂದು ಸಿಕ್ಕಿಸಿದಳು. ಇಷ್ಟು ವರ್ಷಗಳಲ್ಲಿ ತನಗಾಗಿ ಅವಳು ಏನನ್ನೂ ಕೇಳಿರಲಿಲ್ಲ.

"ಅಪ್ಪಾ, ಬಾಳ್ಯಾ ಹೇಳಿದಂಗ ಹೇಳಲ್ಯಾ? ನಿನ್ನ ಹೆಸರು ಹೇಳಿ ಮನಿ ಉಳಿಸಿಕೊಳ್ಳಲ್ಯಾ?"

ಓಣಿಯಲ್ಲಿ ಯಾರೂ ಇರಲಿಲ್ಲ. ನಿಂತ ಗಿರಣಿಯ ಪಟ್ಟಾ ತಣ್ಣಗಾಗುತ್ತ ಒಮ್ಮೆ ಚಟ್ಟೆಂದಿತು. ಬಲದ ಹೂ ಜಾರಿತು.

ಒಪ್ಪಿಗೆ. ಅವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಬಿದ್ದ ಹೂವನ್ನು ಮತ್ತೆ ಮಡಿಕೆಗೆ ಸಿಕ್ಕಿಸಿದಳು.

"ಅಪ್ಪಾ, ಹಂಗ ಹೇಳದs ಇರಲ್ಯಾ? ತಪ್ಪು ನಮ್ಮದಂತ ಹೇಳಿಬಿಡಲ್ಯಾ?"

ಬಲದ ಹೂ ಜಾರಿತು.

ಅವಳು ಹೂವನ್ನು ಎತ್ತಿ, ಇನ್ನೊಮ್ಮೆ ಸಿಕ್ಕಿಸಿ, ಮಗುವಿನಂತೆ ಕೇಳಿದಳು: "ಅಪ್ಪಾ, ನೀ ಇಲ್ಲಿ ಇದ್ದಿಯೇನು?"

ಬಲದ ಹೂ ಜಾರಿತು. ಜಗುಲಿಯ ಅಂಚಿಗೆ ತಾಗಿ ಕೆಳಗುರುಳಿತು.

ಆಗ ಅವಳು ಮೊದಲ ಸಲ ರುಮಾಲನ್ನು ಅಪ್ಪನೆಂದು ನೋಡದೆ, ತನ್ನ ಕೈಕೆಲಸವೆಂದು ನೋಡಿದಳು. ಬೆರಳಿನಿಂದ ಎಡದ ಮಡಿಕೆಗಳನ್ನು ಒತ್ತಿದಳು: ಬಿಗಿ, ಹಲಗೆಯಂತೆ. ಬಲದಲ್ಲಿ ಬೆರಳು ಗೆಣ್ಣಿನ ತನಕ ಒಳಗೆ ಹೋಯಿತು. ಬಟ್ಟೆಯೊಳಗೆ ಒಂದು ಪೊಳ್ಳಿತ್ತು. ಆ ಪೊಳ್ಳಿನಿಂದ, ಇಷ್ಟು ವರ್ಷ ಅಲ್ಲಿಯೇ ಕಾದಿದ್ದಂತೆ, ಅಪ್ಪನ ದನಿ ಬಂತು. ಪಾರ್ಶ್ವವಾಯುವಿನಿಂದ ಅರ್ಧ ಬಾಯಿಯಲ್ಲಿ ತೊದಲಿದ ಮುಂಜಾನೆಯ ದನಿ: 'ಬಿಗೀ ಬ್ಯಾಡವಾ. ಬಲಕ್ಕ ಸಡ್ಲ ಬಿಡು. ಕಿವಿ ಮ್ಯಾಲೆ ನೋಯತೈತಿ.'

ಮಲಗಿ ಮಲಗಿ ಅವನ ಬಲಗಿವಿಯ ಮೇಲೆ ಹುಣ್ಣಾಗಿತ್ತು. ನೋಯದಿರಲೆಂದು ಅವಳು ಆ ಕಡೆ ಮಡಿಕೆಗಳನ್ನು ಸಡಿಲ ಬಿಟ್ಟು ಸುತ್ತುವುದನ್ನು ರೂಢಿಸಿಕೊಂಡಿದ್ದಳು. ಅವನು ಹೋದ ಮೇಲೂ ಕೈ ಅದನ್ನು ಮರೆಯಲಿಲ್ಲ. ಹಿತ್ತಾಳೆಯ ಕೊಡಕ್ಕೆ ಹುಣ್ಣಿಲ್ಲ ಎಂದು ಕೈಗೆ ಯಾರೂ ಹೇಳಿರಲಿಲ್ಲ. ಬಲದ ಹೂವಿಗೆ ಆ ಸಡಿಲಿನಲ್ಲಿ ನಿಲ್ಲಲು ಆಧಾರವೇ ಇರಲಿಲ್ಲ. ಗೋದಾಮು, ಲೇಔಟು, ಕ್ವಾರಿ, ಎಲ್ಲವೂ ಆ ಪೊಳ್ಳಿನ ಮೂಲಕ ಹಾದುಹೋಗಿದ್ದವು. ಅವಳ ಅಕ್ಕರೆ ಬಿಟ್ಟ ಜಾಗದ ಮೂಲಕ.

ಮನೆಯಲ್ಲಿ ಈಗ ನಿಜವಾಗಿ ಯಾರೂ ಇರಲಿಲ್ಲ. ಒಂಬತ್ತು ವರ್ಷ ತಡವಾಗಿ ಬಂದ ಆ ಮೌನದಲ್ಲಿ ಅವಳು ಬಿದ್ದ ಹೂವನ್ನು ಎತ್ತಲೂ ಏಳದೆ ಕೂತಿದ್ದಳು. ಇದನ್ನು ಯಾರಿಗೂ ಹೇಳದಿದ್ದರೆ ತಿಂಗಳಿಗೊಮ್ಮೆ ಈ ಜಗುಲಿಯ ಮೇಲಾದರೂ ಹೂ ಬೀಳಿಸಿ ಅಪ್ಪನನ್ನು ಉಳಿಸಿಕೊಳ್ಳಬಹುದು ಎಂಬ ಯೋಚನೆ ಬಂತು. ಬಂದದ್ದಕ್ಕೆ ನಾಚಿಕೆಯಾಯಿತು. ಆದರೂ ಅದು ಹೋಗಲಿಲ್ಲ. ಬೆಕ್ಕಿನಂತೆ ಕಾಲ ಬಳಿ ಸುತ್ತುತ್ತಲೇ ಇತ್ತು.

*

ಮುರಗೋಡದ ಮೇಲೆ ಬೈಲಹೊಂಗಲಕ್ಕೆ ಹೋಗುವ ಬಸ್ಸಿನಲ್ಲಿ ಅವಳು ಕೊಡವನ್ನು ಚೀಲದಲ್ಲಿಟ್ಟು ತೊಡೆಯ ಮೇಲೆ ಹಿಡಿದಿದ್ದಳು. ರುಮಾಲನ್ನು ಬಿಚ್ಚಿ ಮಡಚಿ ಬೇರೆ ತಂದಿದ್ದಳು. ಟಿಕೀಟು ಕೊಡಲು ಬಂದ ಕಂಡಕ್ಟರ್, "ಕೊಡಕ್ಕೂ ಟಿಕೀಟ್ ತಗೋತೀರೇನು ಅಕ್ಕಾರ?" ಎಂದು ಚೇಷ್ಟೆ ಮಾಡಿದವನು ಅವಳ ಮುಖ ನೋಡಿ ಮುಂದೆ ಸರಿದ. ಹೊರಗೆ ಕರಿಯ ಎರೆಹೊಲಗಳು ಬಿತ್ತನೆಗೆ ಬಾಯಿ ತೆರೆದುಕೊಂಡು ಮಲಗಿದ್ದವು.

ವಿರೂಪಾಕ್ಷರ ಕೋಣೆಯಲ್ಲಿ ಬಾಳೇಶ ಮತ್ತು ಉಳಿದ ನಿರ್ದೇಶಕರು ಗೋಡೆಯುದ್ದಕ್ಕೂ ಕೂತಿದ್ದರು. ಅವರ ಹೇಳಿಕೆಗಳು ಆಗಲೇ ಮುಗಿದಿದ್ದವು. ಎಲ್ಲವೂ ಒಂದೇ ಅಚ್ಚಿನವು.

"ಕುಂಡ್ರಿ ಅವ್ವಾರ," ಎಂದರು ವಿರೂಪಾಕ್ಷ. "ಇವರೆಲ್ಲಾ ನಿಮ್ಮ ತಂದೀಯವರ ಒಪ್ಪಿಗೀ ತಗೊಂಡs ಸಾಲಾ ಕೊಟ್ಟೇವಿ ಅಂದಾರ. ನನಗ ಒಂದು ಅಡಚಣಿ ಬಂದೈತಿ. ಬದುಕಿದ್ದಾಗ ಅವರು ತಳ್ಳಿಹಾಕಿದ ಅರ್ಜಿ ಓದೇನಿ. ಮಂಜೂರಾದಾವಕ್ಕಿಂತ ತಳ್ಳಿದ್ದs ಹೆಚ್ಚು ಅದಾವ. ಸತ್ತ ಮ್ಯಾಲೆ ಒಂದೂ ತಳ್ಳಿಲ್ಲ. ಇಷ್ಟು ವರ್ಷದಾಗ ಒಂದರೆ ಸಲ ಎಡದ ಹೂ ಬಿದ್ದಿತ್ತೇನ್ರಿ?"

"ಇಲ್ಲ ರೀ."

"ಯಾಕ?"

ಬಾಳೇಶ ಕೆಮ್ಮಿದ. "ಸಾಹೇಬ್ರ, ಅದು ಶ್ರದ್ಧಾದ ವಿಷಯ. ಯಾಕ ಅಂದ್ರ ಏನ್ ಹೇಳೂದು?"

"ನಾನು ಅವರನ್ನ ಕೇಳಾಕ ಹತ್ತೇನಿ."

ಅನ್ನಪೂರ್ಣಾ ಎದ್ದು ಕೊಡವನ್ನು ಮೇಜಿನ ಮೇಲೆ ಬೋರಲು ಹಾಕಿದಳು. ರುಮಾಲಿನ ತುದಿಯನ್ನು ಗುಮಾಸ್ತನ ಕೈಗೆ ಕೊಟ್ಟು, "ಜಗ್ಗಿ ಹಿಡೀಪಾ," ಎಂದಳು. ಸುತ್ತತೊಡಗಿದಳು. ಈ ಸಲ ಕೈಗಳನ್ನೇ ನೋಡುತ್ತಿದ್ದಳು. ಬಲಕ್ಕೆ ಬಂದಾಗಲೆಲ್ಲ ಬೆರಳುಗಳು ತಾವಾಗಿ ಸಡಿಲಾಗುತ್ತಿದ್ದವು. ಅವಳು ತಡೆದು, ಬಿಗಿದು, ಮತ್ತೆ ಸುತ್ತುತ್ತಿದ್ದಳು. ಪ್ರತಿ ಬಿಗಿತಕ್ಕೂ ಅವಳ ಮುಖ, ಯಾರದೋ ಹುಣ್ಣಿಗೆ ತಾನೇ ಕೈ ತಾಗಿಸಿದಂತೆ ಕಿವುಚಿಕೊಳ್ಳುತ್ತಿತ್ತು. ಸುತ್ತಿ ಮುಗಿದ ಮೇಲೆ ಸೆರಗಿನ ಗಂಟಿನಿಂದ ಎರಡು ಸೇವಂತಿಗೆ ತೆಗೆದು ಸಿಕ್ಕಿಸಿದಳು.

"ಕೇಳು ಬಾಳೂ. ಏನ್ ಬೇಕೋ ಅದನ್ನ ಕೇಳು."

"ಅಕ್ಕಾ, ಇದೆಲ್ಲಾ ಇಲ್ಲಿ..."

"ಕೇಳ್ರಿ," ಎಂದರು ವಿರೂಪಾಕ್ಷ.

ಬಾಳೇಶ ಗಂಟಲು ಸರಿಮಾಡಿಕೊಂಡು, ಹಾಸ್ಯದಂತೆ, "ದೊಡ್ಡಪ್ಪಾ, ನಾವು ತಪ್ಪು ಮಾಡಿಲ್ಲಂತ ಹೇಳು," ಎಂದ.

ಎಲ್ಲರೂ ಕಾದರು. ಮೇಲೆ ಫ್ಯಾನು ತಿರುಗುತ್ತಿತ್ತು. ದಳಗಳು ಅದರ ಗಾಳಿಗೆ ನಡುಗಿದವು. ಹೊರಗೆ ಪಡಸಾಲೆಯಲ್ಲಿ ಯಾರೋ ಚಹಾದ ಲೋಟಗಳನ್ನು ತೆಗೆದುಕೊಂಡು ಹೋದರು. ಬಲದ ಹೂ ಬೀಳಲಿಲ್ಲ. ಎಡದ ಹೂ ಬೀಳಲಿಲ್ಲ. ಗೋಡೆಯ ಪಕ್ಕದ ಹಿರಿಯ ನಿರ್ದೇಶಕರೊಬ್ಬರು ಎದ್ದು ನಿಂತು, ಮತ್ತೆ ಕೂತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

"ಎಷ್ಟು ಹೊತ್ತು ಕುಂತ್ರೂ ಅಷ್ಟs," ಎಂದಳು ಅನ್ನಪೂರ್ಣಾ. "ಅಪ್ಪಾಗ ಬಲಗಿವಿ ಮ್ಯಾಲೆ ಹುಣ್ಣಾಗಿತ್ರಿ ಸಾಹೇಬ್ರ. ನೋವಾಗಬಾರದಂತ ನಾ ಆ ಕಡೆ ಸಡ್ಲ ಸುತ್ತತಿದ್ದೆ. ಅವನು ಹ್ವಾದ ಮ್ಯಾಲೂ ಹಂಗs ಸುತ್ತಿದೆ. ಅದಕ್ಕs ಬೀಳತಿತ್ತು. ಅಪ್ಪ ಹೌದು ಅನ್ನಲಿಲ್ಲ, ಅಲ್ಲಾ ಅನ್ನಲಿಲ್ಲ. ಇಷ್ಟು ವರ್ಷ ಆ ಕುರ್ಚಿ ಮ್ಯಾಲೆ ಯಾರೂ ಇದ್ದಿಲ್ಲ. ಹೌದು ಅಂದಾವ್ರು ನಾವು. ಸಾಲಹಳ್ಳಿ ಹತ್ರ ಗೋದಾಮಿಲ್ಲದ್ದನ್ನ ನಾ ಕಣ್ಣಾರೆ ಕಂಡಿದ್ದೆ. ಕಂಡೂ ಸಹಿ ಮಾಡೇನಿ. ಬರ್ಕೋರಿ."

ವಿರೂಪಾಕ್ಷ ಪೆನ್ನನ್ನು ಹಿಡಿದವರು ತಕ್ಷಣ ಬರೆಯಲಿಲ್ಲ. "ಇದನ್ನ ಬರದೆ ಅಂದ್ರ ನಿಮ್ಮ ಮನೀನೂ ವಸೂಲಿಗೆ ಬರತೈತಿ ಅವ್ವಾರ. ತಿಳೀತಿಲ್ಲೋ?"

"ತಿಳೀತ್ರಿ."

"ನಂಬಿಕಿಯಿಂದ ಮಾಡಿದೆ ಅಂತ ಒಂದ್ ಮಾತು ಸೇರಸ್ತೀರೇನು?"

ಅವಳು ಮೇಜಿನ ಮೇಲಿನ ರುಮಾಲನ್ನು ನೋಡಿದಳು. ಅಲುಗದ ಹೂಗಳ ನಡುವೆ ಅದು ಈಗ ಬರೀ ಬಟ್ಟೆಯಾಗಿತ್ತು. "ನಂಬಿಕಿ ಇತ್ರಿ," ಎಂದಳು. "ಅಪ್ಪನ ಮ್ಯಾಲೆ ಇತ್ತು. ರೊಕ್ಕಾ ಮಾಯವ್ವಂದಿತ್ತು."

*

ಆಮೇಲಿನ ತಿಂಗಳುಗಳಲ್ಲಿ ವರದಿ ಮೇಲಕ್ಕೆ ಹೋಯಿತು. ಬಾಳೇಶನ ಆಸ್ತಿಗಳಿಗೆ ತಡೆ ಬಂತು, ಕ್ವಾರಿಯ ಕಾಗದಗಳು ಪೊಲೀಸರ ಕೈಗೆ ಹೋದವು, ಅನ್ನಪೂರ್ಣಾಳ ಮನೆಯ ಬಾಗಿಲಿಗೂ ಜಪ್ತಿಯ ನೋಟೀಸು ಅಂಟಿತು. ಪೇಟೆಯಲ್ಲಿ ಕೆಲವರು ಅವಳನ್ನು ಹೊಗಳಿದರು. ಹೆಚ್ಚು ಮಂದಿ, ಮನೆ ಕಳೆದುಕೊಳ್ಳುವಷ್ಟು ಹುಚ್ಚೇ ಎಂದರು. ಅರಿವೆ ಅಂಗಡಿಯವನು ಒಂದು ದಿನ ಏನೂ ಹೇಳದೆ ಫೋಟೋವನ್ನು ತಿರುಗಿಸಿ ಹಾಕಿದ.

ರುಮಾಲನ್ನು ಅವಳು ಮತ್ತೆ ಸುತ್ತಲಿಲ್ಲ. ಕೊಡವನ್ನು ನೀರಿಗೆ ಬಳಸಿದಳು. ಸಭೆಯ ಹಿಂದಿನ ದಿನ ಬರುತ್ತಿದ್ದ ಆ ನಿರೀಕ್ಷೆ ಮಾತ್ರ ತಿಂಗಳು ತಿಂಗಳು ಬಂದು, ಒಗೆಯುವ ಬಟ್ಟೆಯಿಲ್ಲದ ಕೈಗಳನ್ನು ಕಂಡು, ಹೊಸ್ತಿಲಲ್ಲಿ ಕೂತು ಹೋಗುತ್ತಿತ್ತು.

ಒಂದು ಸಂಜೆ ಮಾಯವ್ವನ ಜೋಳ ಬೀಸುತ್ತಿರುವಾಗ ಬಾಳೇಶ ಬಂದ. ಈ ಸಲ ನಡೆದೇ ಬಂದಿದ್ದ, ಕಾರು ಇರಲಿಲ್ಲ. ಮುದುಕಿಯನ್ನು ಕಂಡು ತುಸು ಅಳುಕಿದ. ಗಿರಣಿಯ ಸದ್ದು ಇಳಿಯುವ ತನಕ ಕಾದ.

"ಅಕ್ಕಾ, ಇನ್ನೂ ಮೇಲ್ಮನವಿಗೆ ಅವಕಾಶ ಐತಿ. ಅವತ್ತು ನನ್ನ ಮನಸು ಸ್ಥಿಮಿತದಾಗ ಇದ್ದಿಲ್ಲ, ಹೇಳಿಕಿ ವಾಪಸ್ ತಗೋತೇನಿ ಅಂತ ಒಂದ್ ಕಾಗದ ಬರಕೊಡು. ವಕೀಲ್ರು ಎಲ್ಲಾ ತಯಾರ ಮಾಡ್ಯಾರ. ನಿನ್ನ ಮನಿ ಉಳೀತೈತಿ, ನಂದೂ ಉಳೀತೈತಿ." ಅವನ ಕಣ್ಣಲ್ಲಿ ನೀರಿತ್ತು, ಅದು ನಾಟಕವಾಗಿರಲಿಲ್ಲ. "ಮಕ್ಕಳು ಅದಾವ ಅಕ್ಕಾ. ದೊಡ್ಡಪ್ಪ ಇದ್ದಿದ್ರ ನನ್ನ ಕೈ ಬಿಡತಿದ್ದಿಲ್ಲ. ಬರಕೊಡತಿಯೇನು?"

ಅನ್ನಪೂರ್ಣಾ ಹಿಟ್ಟಿನ ಡಬ್ಬಿಯ ಮೇಲೆ ಬಾಗಿದ್ದಳು. ತಲೆಯೆತ್ತಲಿಲ್ಲ.

"ಇಲ್ಲ."

ಒಣಗಿದ ಶೇಂಗಾಕಾಯಿ ಒಡೆದಂತೆ.

ಬಾಳೇಶ ಒಂದು ಹೆಜ್ಜೆ ಹಿಂದೆ ಸರಿದ. ಅವನ ಕೈಗಳು ತಾವಾಗಿ ಕೂಡಿಕೊಂಡವು, ಕುರ್ಚಿಯ ಮುಂದೆ ಕೂಡಿಕೊಳ್ಳುತ್ತಿದ್ದ ಹಾಗೆ. ಗಂಟು ಕಟ್ಟುತ್ತಿದ್ದ ಮಾಯವ್ವ ಗಂಟನ್ನು ಅಲ್ಲೇ ಬಿಟ್ಟು, ಅನ್ನಪೂರ್ಣಾಳನ್ನು ದಾಟಿ, ಒಳಗಿನ ಬರಿಯ ಜಗುಲಿಯ ಕಡೆ ಕಣ್ಣು ಕಿರಿದುಮಾಡಿ ನೋಡಿದಳು.

"ಯಾರವಾ ಅಂದಾವ್ರು?" ಎಂದಳು ಮೆಲ್ಲಗೆ.

ಅನ್ನಪೂರ್ಣಾ ಹಿಟ್ಟಿನ ಕೈಯನ್ನು ತನ್ನ ಗಂಟಲಿಗೆ ಒತ್ತಿಕೊಂಡು ನಿಂತಿದ್ದಳು. ಬಾಳೇಶ ಓಣಿಯ ತಿರುವು ದಾಟುವ ತನಕ ಅವಳು ಆ ಕೈಯನ್ನು ತೆಗೆಯಲಿಲ್ಲ.